ಬಿ.ಎಡ್. ವಿರುದ್ಧ ನಾನು ಗೆದ್ದ ವಾದ

ನಮ್ಮ ಕಾಲೇಜಿನ ಡಿಬೇಟ್ ಕ್ಲಬ್ಬಿನಲ್ಲಿ ಪರವೋ ವಿರೋಧವೋ ಎನ್ನುವುದನ್ನು ನಾಣ್ಯ ಚಿಮ್ಮಿ ತೀರ್ಮಾನಿಸುತ್ತಿದ್ದೆವು. ಆಮೇಲೆ ಅರ್ಧ ಗಂಟೆ ತಯಾರಿ. ಆ ಅರ್ಧ ಗಂಟೆ ಮುಗಿಯುವಷ್ಟರಲ್ಲಿ, ನಾಣ್ಯ ಹೇಳಿದ್ದನ್ನೇ ಹುಟ್ಟಿದಾಗಿನಿಂದ ನಂಬಿಕೊಂಡು ಬಂದವಳ ಹಾಗೆ ನಾನು ಮಾತಾಡುತ್ತಿದ್ದೆ. ಐದು ವರ್ಷ ಇದನ್ನೇ ಮಾಡಿದೆ. ಕುಮಾರಸ್ವಾಮಿ ಲೇಔಟಿನ ನಮ್ಮ ಮನೆಯ ಶೋಕೇಸಿನಲ್ಲಿ ಅಮ್ಮನ ಪಿಂಗಾಣಿ ಬಟ್ಟಲುಗಳಿಗೆ ಜಾಗವಿಲ್ಲದ ಹಾಗೆ ಕಪ್ಪುಗಳನ್ನು ಗೆದ್ದು ತಂದೆ.

ಎಂ.ಎ. ಆದಮೇಲೆ ಜೆ.ಪಿ. ನಗರದ ಒಂದು ಖಾಸಗಿ ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡಲು ಸೇರಿದೆ. ಬಿ.ಎಡ್. ಇರಲಿಲ್ಲ. "ಸದ್ಯಕ್ಕೆ ನಡೆಯುತ್ತೆ" ಎಂದರು ಪ್ರಿನ್ಸಿಪಾಲ್ ಮೇಡಂ. ಆ ಸದ್ಯ ಮೂರು ವರ್ಷ ನಡೆಯಿತು. ಮೂರನೇ ವರ್ಷ, ನನ್ನ ಜೊತೆ ಪಾಠ ಮಾಡುತ್ತಿದ್ದವರೊಬ್ಬರು ಕೊಲ್ಲಿ ದೇಶವೊಂದರ ಅಂತರರಾಷ್ಟ್ರೀಯ ಶಾಲೆಗೆ ಹೋದರು. ಅಲ್ಲಿಂದ ಅವರು ತಮ್ಮ ತರಗತಿಯ ಕಥೆ ಹೇಳುತ್ತಿದ್ದರು. ಒಂದು ತರಗತಿಯಲ್ಲಿ ಹನ್ನೊಂದು ದೇಶದ ಮಕ್ಕಳು. ಒಂದು ಕಥೆ ಓದಿಸಿ ಇದರಲ್ಲಿ ತಪ್ಪು ಯಾರದು ಎಂದು ಕೇಳಿದರೆ ಹನ್ನೊಂದು ಕಡೆಯಿಂದ ಜಗಳ. ಕೇಳುತ್ತಾ ಕೇಳುತ್ತಾ ನನಗೆ ಹೊಟ್ಟೆಕಿಚ್ಚಾಯಿತು. ಅಂಥದೊಂದು ತರಗತಿ ನನಗೆ ಬೇಕಿತ್ತು. ಬೇರೆ ಯಾವುದನ್ನೂ ಅಷ್ಟು ಬಲವಾಗಿ ಬಯಸಿದ ನೆನಪು ನನಗಿಲ್ಲ. ಇನ್ನೆರಡು ಮೂರು ವರ್ಷದಲ್ಲಿ ಈಗ ನಾನಿರುವ ಶಾಲೆ ದೊಡ್ಡದಾಗುತ್ತೆ, ಇಂಗ್ಲಿಷಿಗೆ ಜನ ಬೇಕಾಗುತ್ತೆ, ಅಷ್ಟರಲ್ಲಿ ಒಂದು ಟೀಚಿಂಗ್ ಅರ್ಹತೆ ಸಂಪಾದಿಸಿಕೊಂಡಿರು ಎಂದರು ಅವರು.

ಎರಡು ದಾರಿಗಳಿದ್ದವು. ಒಂದು, ಎರಡು ವರ್ಷದ ಬಿ.ಎಡ್.; ಕೆಲಸ ಬಿಟ್ಟು ಕಾಲೇಜಿಗೆ ಹೋಗಿ ಬೆಂಚಿನ ಮೇಲೆ ಕೂರುವುದು. ಇನ್ನೊಂದು, ವಿದೇಶದ ವಿಶ್ವವಿದ್ಯಾಲಯವೊಂದು ಆನ್‌ಲೈನಿನಲ್ಲೇ ಕೊಡುವ ಒಂದು ವರ್ಷದ ಸರ್ಟಿಫಿಕೇಟ್. ಕೆಲಸ ಮಾಡುತ್ತಲೇ ಓದಬಹುದು. ನಿಜ ಹೇಳಬೇಕೆಂದರೆ, ಆಗ ನನಗೆ ಎರಡರ ಬಗ್ಗೆಯೂ ಯಾವ ಅಭಿಪ್ರಾಯವೂ ಇರಲಿಲ್ಲ. ಅಭಿಪ್ರಾಯ ಹುಟ್ಟಿದ್ದು ಒಂದು ಭಾನುವಾರ ಬೆಳಗ್ಗೆ, ಬನಶಂಕರಿಯಲ್ಲಿರುವ ಅತ್ತೆಯ ಅಡುಗೆಮನೆಯಲ್ಲಿ, ಶ್ಯಾವಿಗೆ ಒರಳಿನ ಮುಂದೆ.

ಈ ಅತ್ತೆ ಅಪ್ಪನ ಅಕ್ಕ. ಹದಿನೈದು ವರ್ಷ ಅದೇ ಕೊಲ್ಲಿ ದೇಶದಲ್ಲಿ ಲೆಕ್ಕದ ಟೀಚರಾಗಿದ್ದು ವಾಪಸು ಬಂದವರು. ಒತ್ತು ಶ್ಯಾವಿಗೆ ಮಾಡುವ ದಿನ ನನಗೆ ಕರೆ ಬರುತ್ತದೆ, ಹಿಡಿ ತಿರುಗಿಸಲು ತೋಳಿನಲ್ಲಿ ಶಕ್ತಿಯಿರುವವರು ಬೇಕಲ್ಲ. ನಾನು ತಿರುಗಿಸುತ್ತಿದ್ದೆ, ಅತ್ತೆ ಕೆಳಗೆ ತಟ್ಟೆ ಹಿಡಿದು ಎಳೆಗಳನ್ನು ಸುತ್ತಿಕೊಳ್ಳುತ್ತಿದ್ದರು.

"ಬಿ.ಎಡ್. ಮಾಡ್ಕೊಳೇ. ಎರಡು ವರ್ಷ ಕಣ್ಮುಚ್ಚಿ ಬಿಡೋದ್ರಲ್ಲಿ ಹೋಗುತ್ತೆ" ಎಂದರು ಅತ್ತೆ.

ಅಷ್ಟೇ. ನಾಣ್ಯ ನೆಲಕ್ಕೆ ಬಿದ್ದ ಹಾಗಾಯಿತು. ಅವರು ಪರ, ನಾನು ವಿರೋಧ.

"ಯಾವುದಕ್ಕೆ ಎರಡು ವರ್ಷ ಅತ್ತೆ? ಥರ್ಮೋಕೋಲ್ ಕತ್ತರಿಸೋದಕ್ಕಾ?"

"ಹಿಡಿ ನಿಲ್ಲಿಸ್ಬೇಡ, ಹಿಟ್ಟು ಆರುತ್ತೆ."

"ಮೊದಲನೆಯದಾಗಿ, ಚಾರ್ಟ್ ಬರೆಯೋದು ಕಲಿಸೋದಲ್ಲ. ಎರಡನೆಯದಾಗಿ, ನಾನು ಆಗ್ಲೇ ಮೂರು ವರ್ಷದಿಂದ ಪಾಠ ಮಾಡ್ತಿದೀನಿ. ಈಜೋಳನ್ನ ಕರ್ಕೊಂಡ್ಹೋಗಿ ದಡದ ಮೇಲೆ ಕೈಕಾಲು ಆಡಿಸಮ್ಮ ಅಂದ ಹಾಗಿದು. ಮೂರನೆಯದಾಗಿ, ಹೊರದೇಶದ ಸ್ಕೂಲಿಗೆ ಹೋಗೋಕೆ ಹೊರದೇಶದ ಸರ್ಟಿಫಿಕೇಟ್ ಬೇಕೋ, ಬನಶಂಕರಿದು ಬೇಕೋ?"

"ಶ್ಯಾವಿಗೆ ಒತ್ತುವಾಗ್ಲೂ ಮೊದಲನೆಯದಾಗಿ ಎರಡನೆಯದಾಗಿ ಅಂತೀಯಲ್ಲೇ. ನಿನ್ನ ಕಟ್ಕೊಳ್ಳೋನು ನೋಟ್ಸ್ ತಗೋಬೇಕು. ಇರ್ಲಿ. ಆ ಸರ್ಟಿಫಿಕೇಟಲ್ಲಿ ಮಕ್ಕಳ ಮುಂದೆ ನಿಲ್ಲಿಸಿ, ಹಿಂದೆ ಕೂತು ನೋಡ್ತಾರಾ?"

"ಯಾಕೆ ನೋಡ್ಬೇಕು? ನಾನೇನು ಕದ್ದು ಪಾಠ ಮಾಡ್ತೀನಾ?"

ಅತ್ತೆ ಏನೋ ಹೇಳಲು ಬಾಯಿ ತೆರೆದರು. ನನ್ನ ಮುಖ ನೋಡಿದರು. ಬಾಯಿ ಮುಚ್ಚಿದರು. "ಆಯ್ತು ಬಿಡು. ಕಾಯಿಹಾಲಿಗೆ ಏಲಕ್ಕಿ ಸಾಕಾ ನೋಡು" ಎಂದರು.

ಎದುರಾಳಿ ಉತ್ತರವಿಲ್ಲದೆ ಕುಳಿತರೆ ನಮ್ಮಲ್ಲಿ ಅದಕ್ಕೆ ಗೆಲುವು ಎನ್ನುತ್ತಾರೆ. ನಾಲ್ಕು ಸುತ್ತು ಶ್ಯಾವಿಗೆ ತಿಂದು, ಗೆದ್ದ ಖುಷಿಯಲ್ಲಿ ಮನೆಗೆ ಬಂದೆ. ಮರುದಿನ ಅತ್ತೆಯಿಂದ ಒಂದು ವಾಟ್ಸಾಪ್. ಅವರ ಮನೆ ಹತ್ತಿರದ ಬಿ.ಎಡ್. ಕಾಲೇಜಿನ ಪ್ರವೇಶದ ನೋಟೀಸು, ಕೊನೆಯ ದಿನಾಂಕಕ್ಕೆ ಕೆಂಪು ಗೆರೆ. ಒಂದು ಮಾತೂ ಬರೆದಿರಲಿಲ್ಲ.

ಮುಂದಿನ ವಾರ ಜಯನಗರದಲ್ಲಿ, ಆ ವಿದೇಶಿ ಸರ್ಟಿಫಿಕೇಟಿಗೆ ಜನರನ್ನು ಸೇರಿಸುವ ಒಂದು ಕನ್ಸಲ್ಟೆನ್ಸಿಗೆ ಹೋದೆ. ಯಾರನ್ನೂ ಸುಮ್ಮನೆ ನಂಬುವವಳಲ್ಲ ನಾನು. ಒಂಬತ್ತು ಪ್ರಶ್ನೆ ಬರೆದುಕೊಂಡು ಹೋಗಿದ್ದೆ. ವಿಶ್ವವಿದ್ಯಾಲಯ ನಿಜವಾಗಿಯೂ ಇದೆಯೇ, ಪಾಠ ಹೇಳುವವರು ಯಾರು, ಪ್ರಬಂಧ ತಿದ್ದುವವರು ಯಾರು, ಫೇಲಾದರೆ ಏನು? ಟೈ ಕಟ್ಟಿದ್ದ ಆ ಮನುಷ್ಯ ಒಂದೊಂದಕ್ಕೂ ಕಾಗದ ತೆಗೆದು ತೋರಿಸಿದರು.

"ಮೇಡಂ, ಇಷ್ಟು ಕ್ರಾಸ್ ಕ್ವೆಶ್ಚನ್ ಯಾರೂ ಮಾಡಿಲ್ಲ. ಲಾಯರಾ ನೀವು?"

"ಇದು ಬೇರೆ ದೇಶದಲ್ಲಿ ನಡೆಯುತ್ತಾ?"

"ಸ್ಕೂಲ್‌ಗಳು ತುಂಬಾ ಇಷ್ಟಪಡ್ತಾರೆ ಮೇಡಂ."

ಒಂಬತ್ತನೆಯ ಪ್ರಶ್ನೆಯ ಮುಂದೆಯೂ ಟಿಕ್ ಹಾಕಿದೆ. ಅವರು ಒಂದು ಸುಳ್ಳನ್ನೂ ಹೇಳಿರಲಿಲ್ಲ, ಇದನ್ನು ಈಗಲೂ ಒಪ್ಪುತ್ತೇನೆ. ನಾನು ಕೇಳಿದ್ದು ನಡೆಯುತ್ತಾ ಎಂದು, ಅವರು ಹೇಳಿದ್ದು ಇಷ್ಟಪಡುತ್ತಾರೆ ಎಂದು. ಶಾಲೆಯ ನನ್ನ ಡಿಬೇಟ್ ತಂಡದ ಹದಿನಾಲ್ಕು ವರ್ಷದ ಹುಡುಗಿಯರು ಇಂಥ ಉತ್ತರ ಕೊಟ್ಟರೆ ಅಲ್ಲೇ ತಡೆದು ನಿಲ್ಲಿಸುತ್ತೇನೆ. ಅವತ್ತು ನಿಲ್ಲಿಸಲಿಲ್ಲ. ಆ ಉತ್ತರ ನನ್ನ ಪಕ್ಷಕ್ಕೆ ಬೇಕಾಗಿತ್ತು, ಅದಕ್ಕೇ. ಶನಿವಾರ ಬಂದು ಸೇರಿಕೊಳ್ಳುತ್ತೇನೆ ಎಂದು ಹೇಳಿ ಎದ್ದೆ.

ಅಲ್ಲಿಂದ ನಾಲ್ಕು ಹೆಜ್ಜೆ ನಡೆದರೆ ಫೋರ್ತ್ ಬ್ಲಾಕು, ಅಪ್ಪನ ಕನ್ನಡಕದಂಗಡಿ. ಅಪ್ಪ ಫ್ರೇಮಿನ ಸ್ಕ್ರೂ ಬಿಗಿ ಮಾಡುತ್ತಿದ್ದವರು ತಲೆ ಎತ್ತದೆ ಕೇಳಿದರು.

"ಏನಮ್ಮ, ಗೆದ್ಯಾ?"

"ಗೆದ್ದೆ."

"ಯಾರ ಮೇಲೆ?"

ಉತ್ತರಕ್ಕೆ ಕಾಯಲೇ ಇಲ್ಲ. ಆಗಷ್ಟೇ ಹೋದ ಗಿರಾಕಿಯ ಕಥೆ ಶುರುಮಾಡಿದರು. "ಒಂದು ಕಣ್ಣು ಮುಚ್ಕೊಂಡು ಓದಿ ಸಾರ್ ಅಂದೆ. ಕೊನೇ ಸಾಲಿನ ತನಕ ಗಡಗಡ ಹೇಳ್ಬಿಟ್ರು. ಯಾಕೋ ಅನುಮಾನ ಬಂತು, ಬೇರೆ ಬೋರ್ಡ್ ಹಾಕ್ದೆ. ಎರಡನೇ ಸಾಲಿಗೇ ನಿಂತ್ಹೋಯ್ತು. ಸರದಿಗೆ ಕಾಯ್ತಾ ಕೂತಿದ್ರಲ್ಲ, ಆಗ ಹತ್ರದಿಂದ ನೋಡಿ ಬಾಯಿಪಾಠ ಮಾಡ್ಕೊಂಡಿದಾರೆ! ಕನ್ನಡಕ ಬೇಕಾಗಿರೋದು ಅವರಿಗೆ ತಾನೇ? ನನ್ನ ಮುಂದೆ ಪಾಸಾಗಿ ಏನ್ ಬಂತು?"

ನಾನು ಜೋರಾಗಿ ನಕ್ಕೆ. ಆ ಕಥೆ ನನಗೆ ಹೇಳಿದ್ದೆಂದು ಹೊಳೆಯಲೂ ಇಲ್ಲ. ಬಹುಶಃ ಅಪ್ಪನೂ ಹಾಗೆ ಹೇಳಿರಲಿಕ್ಕಿಲ್ಲ. ಅವರಿಗೆ ದಿನಕ್ಕೆ ಇಂಥ ನಾಲ್ಕು ಕಥೆ ಸಿಗುತ್ತವೆ.

ಗುರುವಾರ ಮಧ್ಯಾಹ್ನ ಶಾಲೆಯಲ್ಲಿ ನನ್ನ ಡಿಬೇಟ್ ತಂಡಕ್ಕೆ ಅಭ್ಯಾಸ. ಒಂಬತ್ತನೇ ತರಗತಿಯ ಆರು ಹುಡುಗಿಯರು. ತಲೆಯಲ್ಲಿ ತುಂಬಿಕೊಂಡಿದ್ದ ವಿಷಯವನ್ನೇ ಕೊಟ್ಟೆ: ಶಿಕ್ಷಕರಾಗಲು ಬಿ.ಎಡ್. ಪದವಿ ಬೇಕಾಗಿಲ್ಲ. ನನ್ನ ವಾದಗಳನ್ನು ಬೇರೆಯವರ ಬಾಯಲ್ಲಿ ಕೇಳುವ ಆಸೆಯೂ ಇತ್ತೇನೋ. ನಮ್ಮ ತಂಡದಲ್ಲಿ ಒಂದು ಕ್ರಮವಿದೆ, ನಾನೇ ತಂದದ್ದು. ತಯಾರಿಯ ಹಾಳೆಯ ನೆತ್ತಿಯ ಮೇಲೆ ಮೊದಲು ವಿಷಯ ಬರೆಯುವುದಿಲ್ಲ, ತೀರ್ಪು ಕೊಡುವವರು ಯಾರೆಂದು ಬರೆಯುತ್ತೇವೆ. ಗಣಿತದ ಮೇಷ್ಟರು ಜಡ್ಜ್ ಆದರೆ ಒಂದು ತರಹ ಮಾತಾಡಬೇಕು, ಕನ್ನಡ ಮೇಡಂ ಆದರೆ ಇನ್ನೊಂದು ತರಹ.

ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡಿದ್ದ ಒಬ್ಬಳು ಪೆನ್ನೆತ್ತಿ ಕೂತೇ ಇದ್ದಳು.

"ಏನೇ, ಶುರುಮಾಡು."

"ಮಿಸ್, ಮೇಲ್ಗಡೆ ಜಡ್ಜ್ ಯಾರು ಅಂತ ಬರೀಲಿ?"

"ನಾನೇ."

"ಅಲ್ಲ ಮಿಸ್, ಇವತ್ತಿನ ಡಿಬೇಟಿಗಲ್ಲ. ನಿಜವಾಗ್ಲೂ. ಟೀಚರ್ ಹೌದೋ ಅಲ್ವೋ ಅಂತ ಹೇಳೋದು ಯಾರು? ಸ್ಟೂಡೆಂಟ್ಸಾ, ಪ್ರಿನ್ಸಿಪಾಲಾ, ಗೌರ್ಮೆಂಟಾ? ಅದು ಗೊತ್ತಾಗ್ದೆ ಪಾಯಿಂಟ್ ಹೇಗ್ ಬರೆಯೋದು?"

"ಚೆನ್ನಾಗಿ ಪಾಠ ಮಾಡಿದ್ರೆ ಟೀಚರ್, ಅಷ್ಟೇ" ಎಂದಳು ಎದುರು ತಂಡದವಳು.

"ಅಯ್ಯೋ ಹೋಗೇ" ಎಂದಳು ಕ್ಲಿಪ್ಪಿನವಳು. "ನಮ್ಮಣ್ಣ ಸಖತ್ತಾಗಿ ಕಾರ್ ಓಡಿಸ್ತಾನೆ, ಲೈಸೆನ್ಸ್ ಇಲ್ಲ. ಮೊನ್ನೆ ಸಿಗ್ನಲ್ಲಲ್ಲಿ ಹಿಡಿದ್ರು. ಸಾರ್, ಒಂದು ರೌಂಡ್ ಓಡಿಸಿ ತೋರಿಸ್ತೀನಿ, ನೀವೇ ನೋಡಿ ಅಂದ್ರೆ ಬಿಡ್ತಾರಾ?"

ಆರೂ ಜನ ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ. ಮೂರು ವರ್ಷದಿಂದ ಪಾಠ ಮಾಡುತ್ತಿದ್ದೇನೆ ಎಂದು ಶ್ಯಾವಿಗೆ ಒರಳಿನ ಮುಂದೆ ನಾನು ಹೇಳಿದ್ದು ಅದನ್ನೇ: ಒಂದು ರೌಂಡ್ ಓಡಿಸಿ ತೋರಿಸ್ತೀನಿ.

ಅವರು ತಯಾರಿ ಮಾಡಿಕೊಳ್ಳುತ್ತಿದ್ದ ಅರ್ಧ ಗಂಟೆಯಲ್ಲೇ, ಮೇಜಿನ ಮರೆಯಲ್ಲಿ ಫೋನ್ ಇಟ್ಟುಕೊಂಡು ಆ ಹೊರದೇಶದ ಶಾಲೆಗೆ ಒಂದು ಇ-ಮೇಲ್ ಬರೆದೆ. ಅಲ್ಲಿದ್ದ ಹಳೆಯ ಸಹೋದ್ಯೋಗಿಯಿಂದ ವಿಳಾಸ ತೆಗೆದುಕೊಂಡೆ. ವಾದವಿಲ್ಲ, ಪೀಠಿಕೆಯಿಲ್ಲ. ನನ್ನ ಬಳಿ ಎಂ.ಎ. ಇದೆ, ಈ ಆನ್‌ಲೈನ್ ಸರ್ಟಿಫಿಕೇಟ್ ಮಾಡಿಕೊಂಡರೆ ನಿಮ್ಮ ದೇಶ ನನಗೆ ಶಿಕ್ಷಕಿಯಾಗಿ ಕೆಲಸದ ಪರವಾನಗಿ ಕೊಡುತ್ತದೆಯೇ? ಇಷ್ಟೇ. ಒಂಬತ್ತು ಪ್ರಶ್ನೆಗಳ ಪಟ್ಟಿಯಲ್ಲಿ ಇರದೇ ಹೋದ ಹತ್ತನೆಯದು. ಅದನ್ನು ಕೇಳಬೇಕಾದವರನ್ನು ಬಿಟ್ಟು ಉಳಿದವರೆಲ್ಲರ ಜೊತೆ ಎರಡು ವಾರ ವಾದ ಮಾಡಿದ್ದೆ.

ಶುಕ್ರವಾರ ಶನಿವಾರ ಅಲ್ಲಿ ರಜೆ. ಶನಿವಾರ ಬೆಳಗ್ಗೆ ಕನ್ಸಲ್ಟೆನ್ಸಿಯಿಂದ ಫೋನ್ ಬಂತು, "ಮೇಡಂ, ಬರ್ತಿದೀರಾ?" ಸೋಮವಾರ ಬರ್ತೀನಿ ಸಾರ್ ಎಂದೆ. ಆಮೇಲೆ ಅತ್ತೆ ಕಳಿಸಿದ್ದ ನೋಟೀಸು ತೆಗೆದು ನೋಡಿದೆ. ಕೆಂಪು ಗೆರೆ ಎಳೆದ ದಿನಾಂಕವೂ ಸೋಮವಾರವೇ.

ಭಾನುವಾರ ಬೆಳಗ್ಗೆ ಉತ್ತರ ಬಂತು. ತುಂಬ ಸೌಜನ್ಯದ ಪತ್ರ. ಪರವಾನಗಿಗೆ ಶಿಕ್ಷಣದಲ್ಲಿ ಪದವಿ ಬೇಕು, ನಿಮ್ಮ ದೇಶದ ಶಾಲೆಗಳಲ್ಲಿ ಪಾಠ ಮಾಡಲು ಅರ್ಹತೆ ಕೊಡುವಂಥದ್ದು. ಅದರಲ್ಲಿ ಶಾಲೆಯೊಳಗೆ ಮೇಲ್ವಿಚಾರಣೆಯಲ್ಲಿ ಮಾಡಿದ ಪಾಠಗಳೂ ಸೇರಿರಬೇಕು. ನೀವು ಹೇಳಿದ ಸರ್ಟಿಫಿಕೇಟ್ ಒಳ್ಳೆಯದೇ, ಅದರ ಜೊತೆಗೆ ಇದ್ದರೆ ನಮಗೆ ಸಂತೋಷ. ಆದರೆ ಅದರ ಬದಲಿಗೆ ನಡೆಯುವುದಿಲ್ಲ.

ಇಷ್ಟಪಡುತ್ತಾರೆ. ನಡೆಯುವುದಿಲ್ಲ. ಎರಡೂ ನಿಜವಾಗಿದ್ದವು. ಸೋಫಾದ ಮೇಲೆ ಕೂತು, ಎದುರಿಗಿದ್ದ ಕಪ್ಪುಗಳನ್ನು ನೋಡಿದೆ. ನಿನ್ನೆ ಹೋಗಿ ಸೇರಿಬಿಟ್ಟಿದ್ದರೆ? ಒಂದು ವರ್ಷ ಓದಿ, ಪಾಸಾಗಿ, ಅಲ್ಲಿಗೆ ಅರ್ಜಿ ಹಾಕಿ, ಆಮೇಲೆ ಈ ಪತ್ರ ಬಂದಿದ್ದರೆ?

ಅತ್ತೆಗೆ ಫೋನ್ ಮಾಡಬೇಕಿತ್ತು. ಸೋತೆ ಎಂದು ಹೇಳುವುದು ನನಗೆ ಅಭ್ಯಾಸವಿಲ್ಲದ ಕೆಲಸ. ಏನು ಹೇಳಬೇಕೆಂದು ಮನಸ್ಸಿನಲ್ಲೇ ಮೂರು ಸಲ ಸಿದ್ಧಮಾಡಿಕೊಂಡೆ.

"ಅತ್ತೆ, ಆ ಕಾಲೇಜು..."

"ಟಿ.ಸಿ. ಇದ್ಯಾ ನಿನ್ಹತ್ರ?"

ಅಷ್ಟೇ ಕೇಳಿದರು. ಯಾಕೆ, ಏನಾಯಿತು, ನಾನು ಹೇಳಲಿಲ್ಲವಾ, ಒಂದೂ ಇಲ್ಲ. ಟಿ.ಸಿ. ಇರಲಿಲ್ಲ. ಎಂ.ಎ. ಮುಗಿದ ಮೇಲೆ ಇನ್ನು ಓದುವುದಿಲ್ಲ ಎಂದು ಅದನ್ನು ಕಾಲೇಜಿನಿಂದ ತಂದೇ ಇರಲಿಲ್ಲ.

"ಸರಿ. ನಾಳೆ ಬೆಳಗ್ಗೆ ನೀನು ಅಲ್ಲಿಗೆ ಹೋಗು. ನಾನು ಇಲ್ಲಿ ಕ್ಯೂ ಹಿಡೀತೀನಿ. ನಾಲ್ಕು ಗಂಟೆಗೆ ಆಫೀಸ್ ಮುಚ್ತಾರೆ. ಮಾರ್ಕ್ಸ್ ಕಾರ್ಡು, ಫೋಟೋ ಅಪ್ಪನ ಕೈಲಿ ಈಗ್ಲೇ ಕಳಿಸು."

ಸೋಮವಾರ ಹತ್ತು ಗಂಟೆಗೆ ಜಯನಗರದ ನನ್ನ ಹಳೆಯ ಕಾಲೇಜಿನ ಆಫೀಸಿನ ಕಿಟಕಿಯ ಮುಂದೆ ನಿಂತಿದ್ದೆ. ಒಳಗಿದ್ದ ಗುಮಾಸ್ತರು ನನ್ನನ್ನು ಗುರುತು ಹಿಡಿದರು.

"ಓ, ಡಿಬೇಟು! ಟಿ.ಸಿ.ನಾ? ಅರ್ಜಿ ಕೊಟ್ಟು ಹೋಗಮ್ಮ. ಮೂರು ದಿನ ಬಿಟ್ಟು ಬಾ."

ಮೂರು ದಿನ ಯಾಕೆ ಬೇಕು, ರಿಜಿಸ್ಟರ್ ಅಲ್ಲೇ ಮೇಜಿನ ಮೇಲಿದೆ, ಬರೆಯಲು ಐದು ನಿಮಿಷ ಸಾಕು, ಕಾಲೇಜಿನ ನಿಯಮದಲ್ಲಿ ಮೂರು ದಿನ ಎಂದು ಎಲ್ಲಿ ಬರೆದಿದೆ? ಎಲ್ಲವೂ ಸಾಲಾಗಿ ನಾಲಿಗೆಯ ತುದಿಗೆ ಬಂದು ನಿಂತವು. ನಾನು ಗೆಲ್ಲುತ್ತಿದ್ದೆ, ಅದರಲ್ಲಿ ಅನುಮಾನವಿಲ್ಲ. ಗೆದ್ದು, ಟಿ.ಸಿ. ಇಲ್ಲದೆ ಮನೆಗೆ ಹೋಗುತ್ತಿದ್ದೆ. ಅಪ್ಪನ ಅಂಗಡಿಯ ಗಿರಾಕಿ ಥಟ್ಟನೆ ನೆನಪಾದ.

"ಸಾರ್, ತಪ್ಪು ನನ್ನದೇ. ಮೂರು ವರ್ಷದ ಹಿಂದೆ ತಗೋಬೇಕಿತ್ತು. ಇವತ್ತು ನಾಲ್ಕು ಗಂಟೆಗೆ ಬಿ.ಎಡ್. ಅಡ್ಮಿಷನ್ ಕ್ಲೋಸು. ಅದು ಹೋದ್ರೆ ಒಂದು ವರ್ಷ ಹೋಯ್ತು. ಏನಾದ್ರೂ ಸಹಾಯ ಮಾಡಿ."

ಅವರು ಕನ್ನಡಕ ಕೆಳಗಿಳಿಸಿ ನೋಡಿದರು. "ಅಷ್ಟೇನಾ? ಮುಗೀತಾ? ನಾನೇನೋ ಜೋರಾಗಿ ಶುರುಮಾಡ್ತೀಯ ಅಂದ್ಕೊಂಡೆ."

"ಇಲ್ಲ ಸಾರ್."

"ಪ್ರಿನ್ಸಿಪಾಲ್ರು ಮೀಟಿಂಗಲ್ಲಿದಾರೆ. ಬರೆದಿಡ್ತೀನಿ. ಅವರು ಹೊರಗ್ ಬಂದ ತಕ್ಷಣ ಸೈನ್ ಹಾಕಿಸ್ತೀನಿ. ಕೂತ್ಕೋ. ಎಲ್ಲೂ ಹೋಗ್ಬೇಡ."

ಕೂತೆ. ಹನ್ನೊಂದಾಯಿತು, ಹನ್ನೆರಡಾಯಿತು, ಊಟದ ಹೊತ್ತಾಯಿತು. ಮೀಟಿಂಗಿನ ಬಾಗಿಲು ತೆರೆದು ಟೀ ಒಳಗೆ ಹೋಯಿತು, ಖಾಲಿ ಲೋಟಗಳು ಹೊರಗೆ ಬಂದವು, ಪ್ರಿನ್ಸಿಪಾಲರು ಬರಲಿಲ್ಲ. ಅತ್ತೆಯಿಂದ ಆಗಾಗ ಸಂದೇಶ. "ನನ್ನ ಮುಂದೆ ಏಳು ಜನ." "ಇಂಗ್ಲಿಷ್ ವಿಷಯಕ್ಕೆ ಮೂರು ಸೀಟಿದೆ." "ಎರಡು." ಆಮೇಲೆ ಒಂದು ಗಂಟೆ ಏನೂ ಇಲ್ಲ.

ಮೂರಕ್ಕೆ ಹತ್ತು ನಿಮಿಷವಿರುವಾಗ ಬಾಗಿಲು ತೆರೆಯಿತು. ಗುಮಾಸ್ತರು ರಿಜಿಸ್ಟರ್ ಹಿಡಿದು ಪ್ರಿನ್ಸಿಪಾಲರ ಹಿಂದೆ ಹೆಚ್ಚುಕಡಿಮೆ ಓಡಿದರು. ವಾಪಸು ಬಂದಾಗ ಕಾಗದದ ಮೇಲಿನ ಸೀಲಿನ ಮಸಿ ಇನ್ನೂ ಒದ್ದೆಯಾಗಿತ್ತು. "ಮಡಚಬೇಡ, ಮೆತ್ಕೊಳ್ಳುತ್ತೆ. ಹೋಗ್, ಹೋಗ್" ಎಂದರು. ನನ್ನ ಥ್ಯಾಂಕ್ಸನ್ನು ಅವರು ಕೇಳಿಸಿಕೊಂಡರೋ ಇಲ್ಲವೋ ಗೊತ್ತಿಲ್ಲ. ಟಿ.ಸಿ.ಯನ್ನು ಪ್ರಸಾದದ ಎಲೆಯ ಹಾಗೆ ಎರಡೂ ಕೈಯಲ್ಲಿ ಹಿಡಿದು ಮೆಟ್ರೋ ಮೆಟ್ಟಿಲು ಹತ್ತಿದೆ. ಬನಶಂಕರಿಯಲ್ಲಿ ಇಳಿದು ಆಟೋ.

"ಅಣ್ಣ, ಬೇಗ. ನಾಲ್ಕಕ್ಕೆ ಕಾಲೇಜ್ ಆಫೀಸ್ ಮುಚ್ಚುತ್ತೆ."

"ಎಕ್ಸಾಮಾ ಮೇಡಂ?"

"ಅಡ್ಮಿಷನ್ನು."

"ಈ ಟೈಮಲ್ಲಾ!" ಎಂದವನೇ, ನನಗೆ ಇವತ್ತಿಗೂ ಗೊತ್ತಾಗದ ಯಾವ್ಯಾವುದೋ ಅಡ್ಡರಸ್ತೆಗಳಲ್ಲಿ ಆಟೋ ನುಗ್ಗಿಸಿದ.

ಕಾಲೇಜಿನ ವರಾಂಡದಲ್ಲಿ, ಆಫೀಸಿನ ಬಾಗಿಲಿಗೆ ಕಾಲು ಅಡ್ಡ ಇಟ್ಟ ಹಾಗೆ, ಅತ್ತೆ ಬೆಂಚಿನ ಮೇಲೆ ಕೂತಿದ್ದರು. ಮೂರೂಮುಕ್ಕಾಲು. ತೊಡೆಯ ಮೇಲೆ ನನ್ನ ಅರ್ಜಿ, ಅವರ ದುಂಡು ಅಕ್ಷರದಲ್ಲಿ ಎಲ್ಲ ಖಾನೆಗಳೂ ತುಂಬಿದ್ದವು, ಒಂದನ್ನು ಬಿಟ್ಟು.

"ಸೈನ್ ನೀನೇ ಹಾಕು. ಅದನ್ನೂ ನಾನೇ ಹಾಕಿದ್ರೆ ಅದರ ಮೇಲೂ ವಾದ ಮಾಡ್ತೀಯ."

"ಸೀಟು?"

"ಒಂದಿದೆ. ಒಳಗಿರೋ ಮೇಡಂ ಹತ್ರ ಹೇಳಿದೀನಿ, ಹುಡುಗಿ ದಾರೀಲಿದಾಳೆ, ಬಾಯಿ ಜೋರು, ಆದ್ರೆ ಬರ್ತಾಳೆ ಅಂತ."

ಸಹಿ ಹಾಕಿದೆ. ಒಳಗಿದ್ದ ಮೇಡಂ ಟಿ.ಸಿ.ಯನ್ನು ಬೆಳಕಿಗೆ ಹಿಡಿದು ನೋಡಿ, ಮಾರ್ಕ್ಸ್ ಕಾರ್ಡಿನ ಜೊತೆ ಸೇರಿಸಿ ದಾರ ಕಟ್ಟಿ, ರಿಜಿಸ್ಟರಿನಲ್ಲಿ ನನ್ನ ಹೆಸರು ಬರೆದರು. ಬರೆದು, ಅದರ ಕೆಳಗೆ ಉದ್ದಕ್ಕೆ ಒಂದು ಗೆರೆ ಎಳೆದರು. ಆ ಪುಟದಲ್ಲಿ ಕೊನೆಯ ಹೆಸರು ನನ್ನದು.

ಹೊರಗೆ ಬಂದೆವು. ಎದುರಿನ ದರ್ಶಿನಿಯಲ್ಲಿ ಕಾಫಿ ತೆಗೆದುಕೊಂಡು ಕಲ್ಲಿನ ಮೇಜಿಗೆ ಆತುಕೊಂಡು ನಿಂತೆವು. ಬೆಳಗ್ಗೆಯಿಂದ ಏನೂ ತಿಂದಿರಲಿಲ್ಲ. ಆ ಕಾಫಿ ಹೊಟ್ಟೆಯವರೆಗೆ ಬಿಸಿಯಾಗಿ ಇಳಿದದ್ದು ನೆನಪಿದೆ.

"ಅತ್ತೆ, ಅವತ್ತು ಶ್ಯಾವಿಗೆ ಒತ್ತುವಾಗ ನಿಮಗೆ ಇದೆಲ್ಲಾ ಗೊತ್ತಿತ್ತಲ್ವಾ? ಪರವಾನಗಿ ವಿಷಯ."

"ಹದಿನೈದು ವರ್ಷ ಅಲ್ಲಿದ್ದೆ ಕಣೇ. ಗೊತ್ತಿರಲ್ವಾ?"

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳೋಕೆ ಬಾಯಿ ತೆಗ್ದೆ. ನಿನ್ನ ಮುಖ ನೋಡ್ದೆ. ಇನ್ನೊಂದು ಮಾತಾಡಿದ್ರೆ ಇವಳು ಇನ್ನೂ ಜೋರಾಗಿ ಗೆಲ್ತಾಳೆ, ಗೆದ್ದ ಮೇಲೆ ಮರ್ಯಾದೆಗಾದ್ರೂ ಅದಕ್ಕೇ ಸೇರ್ತಾಳೆ ಅನ್ನಿಸ್ತು. ಎದುರಿಗೆ ಯಾರೂ ಇಲ್ಲದಿದ್ರೆ ನೀನೇ ಯೋಚ್ನೆ ಮಾಡ್ತೀಯ ಅಂತ ಸುಮ್ನಾದೆ." ಕಾಫಿ ಗುಟುಕರಿಸಿದರು. "ಹೆದರಿಕೆ ಇತ್ತಪ್ಪ. ಶನಿವಾರ ಎರಡು ಸಲ ನಿಮ್ಮಪ್ಪನಿಗೆ ಫೋನ್ ಮಾಡಿ ಕೇಳ್ದೆ, ಸೇರಿಬಿಟ್ಳಾ ಅಂತ."

ಅವರು ಅವತ್ತು ಮೊದಲೇ ಆ ಸರ್ಟಿಫಿಕೇಟನ್ನು ಹೊಗಳಿದ್ದರೆ ನಾನು ಹದಿನೈದು ದಿನ ಮುಂಚೆಯೇ ಬಿ.ಎಡ್.ಗೆ ಸೇರಿರುತ್ತಿದ್ದೆ. ಇದನ್ನು ಹೇಳಿದೆ. "ಅದೂ ಹೊಳೀತು. ಆದ್ರೆ ಸುಳ್ಳು ಹೇಳಕ್ಕೆ ಬರಲ್ಲ ನಂಗೆ" ಎಂದರು ಲೆಕ್ಕದ ಟೀಚರ್ ಅತ್ತೆ.

ಈಗ ಎರಡನೇ ವರ್ಷದ ಕೊನೆಯಲ್ಲಿದ್ದೇನೆ. ಬಿ.ಎಡ್. ಬಗ್ಗೆ ನನ್ನ ದೂರುಗಳು ಹಾಗೇ ಇವೆ, ಕೆಲವು ಹೆಚ್ಚೂ ಆಗಿವೆ. ಥರ್ಮೋಕೋಲ್ ಕತ್ತರಿಸಿದ್ದೇನೆ. ಒಂದೇ ಪಾಠಯೋಜನೆಯನ್ನು ಮೂರು ಬಣ್ಣದ ಶಾಯಿಯಲ್ಲಿ ಬರೆದಿದ್ದೇನೆ. ಯಾಕೆ ಮೂರು ಬಣ್ಣ ಎಂದು ಕೇಳಿದ್ದಕ್ಕೆ ಉತ್ತರ ಇನ್ನೂ ಬಂದಿಲ್ಲ. ಆದರೆ ಅಲ್ಲಿ ಟೀಕಾ ಪಾಠ ಎಂಬುದೊಂದಿದೆ. ಶಾಲೆಯೊಂದರ ಮಕ್ಕಳ ಮುಂದೆ ನಾವು ಪಾಠ ಮಾಡಬೇಕು. ಹಿಂದಿನ ಬೆಂಚಿನಲ್ಲಿ ಸಹಪಾಠಿಗಳೂ ಅಧ್ಯಾಪಕರೂ ಕೂತು ಬರೆದುಕೊಳ್ಳುತ್ತಾರೆ. ಮುಗಿದ ಮೇಲೆ ಒಬ್ಬೊಬ್ಬರಾಗಿ ಎದ್ದು ತಪ್ಪುಗಳನ್ನು ಓದುತ್ತಾರೆ. ಪಾಠ ಮಾಡಿದವರು ಉತ್ತರ ಕೊಡುವ ಹಾಗಿಲ್ಲ; ನಿಂತು ಕೇಳಿ, ಬರೆದುಕೊಳ್ಳಬೇಕು. ಮೊದಲ ಸಲ ಒಬ್ಬಳು ಎದ್ದು, "ಕಿಟಕಿ ಪಕ್ಕ ಕೂತಿದ್ದ ಮಗು ಎರಡು ಸಲ ಕೈ ಎತ್ತಿತು, ನೀವು ನಿಮ್ಮ ಮಾತಿನ ಜೋರಿನಲ್ಲಿ ನೋಡಲಿಲ್ಲ" ಎಂದಳು. ಉತ್ತರ ಸಿದ್ಧವಾಗಿತ್ತು. ಕೊಡುವ ಹಾಗಿರಲಿಲ್ಲ. ಬರೆದುಕೊಂಡೆ. ಬರೆದುಕೊಳ್ಳುವಾಗ ಅದು ನಿಜವೆಂದೂ ಗೊತ್ತಾಯಿತು. ಮೂರು ವರ್ಷದಲ್ಲಿ ನಾನು ನೋಡದ ಕೈಗಳು ಎಷ್ಟಿದ್ದವೋ.

ಹೋದ ತಿಂಗಳು ಆ ಹೊರದೇಶದ ಶಾಲೆಯವರು ಆನ್‌ಲೈನಿನಲ್ಲಿ ಸಂದರ್ಶನ ಮಾಡಿದರು. ಅವರ ಮೊದಲ ಪ್ರಶ್ನೆಯೇ, ಶಾಲೆಯಲ್ಲಿ ನೀವು ಮಾಡಿದ ಪಾಠಗಳನ್ನು ಹಿಂದೆ ಕೂತು ಯಾರಾದರೂ ನೋಡಿದ್ದಾರೆಯೇ, ಅದಕ್ಕೆ ದಾಖಲೆ ಇದೆಯೇ? ಮೂರು ಬಣ್ಣದ ಶಾಯಿಯ ರೆಕಾರ್ಡ್ ಪುಸ್ತಕವನ್ನು ಕ್ಯಾಮೆರಾದ ಮುಂದೆ ಹಿಡಿದು ಒಂದೊಂದೇ ಪುಟ ತಿರುವಿದೆ. ಪ್ರತಿ ಪುಟದ ಕೆಳಗೂ ಟೀಕೆ, ಟೀಕೆಯ ಕೆಳಗೆ ಸಹಿ. ಮರುವಾರ ಪತ್ರ ಬಂತು: ಫಲಿತಾಂಶ ಬಂದ ಕೂಡಲೇ ಕಳಿಸಿ, ಪರವಾನಗಿಯ ಕೆಲಸ ಶುರುಮಾಡುತ್ತೇವೆ.

ಅದನ್ನು ಅತ್ತೆಗೆ ಓದಿ ಹೇಳಿದ್ದೂ ಶ್ಯಾವಿಗೆ ಒರಳಿನ ಮುಂದೆಯೇ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು, ಹಬೆಗೆ ಎಂದರು.

"ಈಗ ಹೇಳು. ಬಿ.ಎಡ್. ಬಗ್ಗೆ ಏನಂತೀಯ?"

"ಥರ್ಮೋಕೋಲ್ ಸ್ವಲ್ಪ ಜಾಸ್ತೀನೇ ಆಯ್ತು ಅತ್ತೆ."

"ಹಿಡಿ ತಿರುಗಿಸು, ಹಿಟ್ಟು ಆರುತ್ತೆ" ಎಂದರು.

ತಿರುಗಿಸಿದೆ.